‘ನಗದು ಮಾತ್ರ’ ಎಂದ ಡಾಕ್ಟರಮ್ಮ

ನನ್ನ ಎಪ್ಪತ್ತೊಂಬತ್ತು ವರ್ಷಗಳ ಆಯುಷ್ಯದಲ್ಲಿ ಒಬ್ಬನೇ ಒಬ್ಬ ಡಾಕ್ಟರೂ ನನ್ನ ಮೈಗೆ ಕೈ ಹಚ್ಚಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಜಂಬಕ್ಕೇ ಹೇಳುತ್ತಿದ್ದೇನೆ. ನಾನು ಹುಟ್ಟಿದ ದಿನ ನಮ್ಮಪ್ಪ ಸೊಂಟದೆತ್ತರದ ಹಿಮದಲ್ಲಿ ಹನ್ನೊಂದು ಮೈಲಿ ಕುದುರೆ ಓಡಿಸಿ ಡಾಕ್ಟರನ್ನು ಕರೆತಂದರಂತೆ. ಅವರು ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುವಷ್ಟರಲ್ಲಿ ನಾನಾಗಲೇ ಹುಟ್ಟಿ, ಮುಖ ತೊಳೆದುಕೊಂಡು, ಅವರಿಗೆ ಕಾಫಿಗೆ ನೀರಿಟ್ಟಿದ್ದೆ. ಡಾಕ್ಟರು ಕಾಫಿ ಕುಡಿದು, ಬಂದ ತಪ್ಪಿಗೆ ಫೀಸೆಂದು ಎರಡು ಹೆಬ್ಬಾತುಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು. ಅಲ್ಲಿಂದ ಈಚೆಗೆ ಆ ವೃತ್ತಿಯವರಿಗೂ ನನಗೂ ಬೀದಿಯಲ್ಲಿ ಟೋಪಿ ಎತ್ತುವಷ್ಟೇ ಸಂಬಂಧ.

ನನ್ನ ಹೆಸರು ಲ್ಯಾಡಿ ಸೆಡ್ಲಾಚೆಕ್. ನೆಬ್ರಾಸ್ಕಾದ ಲಿಪ್ನಿಕ್‌ನಲ್ಲಿ, ರೈಲು ಹಳಿಯ ಪಕ್ಕದ ಧಾನ್ಯದ ಕಣಜದಲ್ಲಿ ನಲವತ್ತೊಂದು ವರ್ಷ ತೂಕದ ಕೆಲಸ ಮಾಡಿದವನು. ಜೋಳ ತುಂಬಿದ ಲಾರಿ ಊರ ಹೊರಗಿನ ಸ್ಮಶಾನದ ತಿರುವಿನಲ್ಲಿ ಗೇರು ಬದಲಾಯಿಸಿದ ಸದ್ದು ಕೇಳಿದರೆ ಸಾಕು, ಅದರ ತೂಕ ಹೇಳುತ್ತಿದ್ದೆ. ಡ್ರೈವರು ಬೆಳಿಗ್ಗೆ ತಿಂದ ಮೊಟ್ಟೆ ಎರಡೋ ಮೂರೋ ಎನ್ನುವಲ್ಲಿ ಮಾತ್ರ ಒಮ್ಮೊಮ್ಮೆ ತಪ್ಪುತ್ತಿತ್ತು.

ಈ ಕತೆ ನನ್ನದಲ್ಲ, ರಮೋನಾ ವೊಂದ್ರಾಳದು. ಅವಳನ್ನು ನಾನು ಮೊದಲು ಗಮನಿಸಿದ್ದೂ ಲಾರಿ ತೂಗುವ ಆ ತಕ್ಕಡಿಯ ಮೇಲೆಯೇ. ಆಗ ಅವಳಿಗೆ ಒಂಬತ್ತು ವರ್ಷ. ಅವರಪ್ಪ ಎಡ್ ಲಾರಿಯನ್ನು ತಂದು ತಕ್ಕಡಿಯ ಹಲಗೆಯ ಮೇಲೆ ನಿಲ್ಲಿಸಿದ. ನಾನು ತೂಕ ಬರೆದುಕೊಂಡೆ. ಕಿಟಕಿಯಿಂದ ಎರಡು ಜಡೆ ಹೊರಗೆ ಬಂದವು.

“ಲ್ಯಾಡಿ, ಹಲಗೆ ಮೇಲೆ ನಿಮ್ಮ ನಾಯಿ ಮಲಗಿದೆ.”

“ಅದು ದಿನಾ ಅಲ್ಲೇ ಮಲಗೋದು ಕಣಮ್ಮ.”

“ಹಾಗಾದ್ರೆ ಅದರ ತೂಕ ಕಳೀರಿ. ಅದು ನಮ್ಮ ಜೋಳ ಅಲ್ಲ.”

ನಾಯಿಯ ತೂಕ ಎಪ್ಪತ್ತು ಪೌಂಡು. ಅದರ ಲಾಭವೆಲ್ಲ ಲಾರಿಯವನಿಗೇ. ಎಡ್ ತನ್ನ ಮಗಳನ್ನು ನೋಡಿದ ನೋಟ, ಪಾಪ, ನನಗೆ ಇವತ್ತಿಗೂ ನೆನಪಿದೆ. ಆ ನಾಯಿ ಅಲ್ಲಿ ಎಷ್ಟು ವರ್ಷದಿಂದ ಮಲಗುತ್ತಿತ್ತು ಎಂದು ದಯವಿಟ್ಟು ಯಾರೂ ಕೇಳಬೇಡಿ.

ಇಂಥ ಹುಡುಗಿ ಓದಿ ಡಾಕ್ಟರಾಗಿ ಲಿಪ್ನಿಕ್‌ಗೇ ಬಂದಳು. ನಲವತ್ತಾರು ಮೈಲಿ ಆಚೆಯ ಜಿಲ್ಲಾ ಪಟ್ಟಣದ ದೊಡ್ಡ ಆಸ್ಪತ್ರೆಯವರು ನಮ್ಮೂರಲ್ಲಿ ಒಂದು ಕ್ಲಿನಿಕ್ ನಡೆಸುತ್ತಿದ್ದರು. ಅಲ್ಲಿ ಹದಿನೇಳು ವರ್ಷ ದುಡಿದಳು. ಊರಿನ ಆರುನೂರ ಹನ್ನೆರಡು ಜನರಲ್ಲಿ ನನ್ನೊಬ್ಬನನ್ನು ಬಿಟ್ಟು ಉಳಿದವರ ಗಂಟಲೊಳಗೆಲ್ಲ ಇಣುಕಿ ನೋಡಿದ್ದಳು. ಆದರೆ ವರ್ಷ ಕಳೆದಂತೆ ಅವಳ ಕಣ್ಣು ರೋಗಿಯ ಗಂಟಲಿಗಿಂತ ಕಂಪ್ಯೂಟರಿನ ಗಂಟಲಲ್ಲೇ ಹೆಚ್ಚು ಹೊತ್ತು ಇರತೊಡಗಿತು. ಆಸ್ಪತ್ರೆಗೂ ವಿಮಾ ಕಂಪನಿಗಳಿಗೂ ಒಪ್ಪಂದ. ಪ್ರತಿ ರೋಗಕ್ಕೂ ಒಂದು ಸಂಖ್ಯೆ, ಪ್ರತಿ ರೋಗಿಗೆ ಏಳು ನಿಮಿಷ.

ನನ್ನ ಗೆಳೆಯ ರಾಲಿ ಬೆನೆಶ್‌ಗೆ ಹಸು ಒದ್ದಾಗ ನಾನೇ ಅವನನ್ನು ಅಲ್ಲಿಗೆ ಕರೆದೊಯ್ದಿದ್ದೆ. ರಾಲಿಯ ಮೊಣಕಾಲು ಕುಂಬಳಕಾಯಿಯಷ್ಟಾಗಿತ್ತು. ರಮೋನಾ ಅತ್ತ ನೋಡುವುದು ಬಿಟ್ಟು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದಳು.

“ರಾಲಿ, ಹಸು ಒದ್ದಿದ್ದಾ, ಕಚ್ಚಿದ್ದಾ? ಎರಡಕ್ಕೂ ಬೇರೆ ಬೇರೆ ನಂಬರು.”

“ಒದ್ದಿದ್ದು ಕಣಮ್ಮ. ಕಚ್ಚೋ ಹಾಗೆ ನಾನೇನು ಹುಲ್ಲಾ?”

“ಇದಕ್ಕೆ ತೋರಿಸ್ತಿರೋದು ಮೊದಲನೇ ಸಲಾನಾ?”

“ಈ ಹಸೂದು ಮೊದಲನೇ ಸಲ. ಅದರಮ್ಮ ಹೋದ ವರ್ಷ ಒದ್ದಿದ್ಳು. ಅದಕ್ಕೂ ನಂಬರ್ ಇದ್ರೆ ಬರ್ಕೋ.”

ರಾಲಿ ನಕ್ಕ, ನಾನೂ ನಕ್ಕೆ. ರಮೋನಾ ನಗಲಿಲ್ಲ. ಆಮೇಲೆ ಅವನ ನೋವಿನ ಮುಲಾಮಿಗೆ ಅಪ್ಪಣೆ ಪಡೆಯಲು ವಿಮೆಯವರಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಪಿಟೀಲಿನ ಸಂಗೀತ ಬರುತ್ತಲೇ ಇತ್ತು. ಐವತ್ತೆರಡು ನಿಮಿಷ. ರಾಲಿ ಹೇಳುವಂತೆ, ಫೋನು ಎತ್ತುವಷ್ಟರಲ್ಲಿ ಅವನ ಮೊಣಕಾಲು ವಾಸಿಯಾಗಿ, ಹಸು ಕರು ಹಾಕಿ, ಆ ಕರುವೂ ಒದೆಯಲು ಕಲಿತಿತ್ತು.

ಕಳೆದ ಜನವರಿಯಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಆಸ್ಪತ್ರೆಯವರು ನಮ್ಮೂರ ಕ್ಲಿನಿಕ್ ಮುಚ್ಚಿ ರಮೋನಾಳನ್ನು ಜಿಲ್ಲಾ ಪಟ್ಟಣಕ್ಕೆ ಕರೆಸಿಕೊಳ್ಳುತ್ತಾರೆ ಎನ್ನುವುದು ಒಂದು. ಅವಳು ಹೋಗುವುದಿಲ್ಲವಂತೆ ಎನ್ನುವುದು ಇನ್ನೊಂದು. ಅವಳು ರಾಜೀನಾಮೆ ಕೊಟ್ಟು, ವಿಮೆಯ ಒಪ್ಪಂದಗಳನ್ನೆಲ್ಲ ಕಳಚಿಹಾಕಿ, ಮುಖ್ಯರಸ್ತೆಯಲ್ಲಿ ಹತ್ತು ವರ್ಷದಿಂದ ಬೀಗ ಬಿದ್ದಿದ್ದ ಚಪ್ಪಲಿ ಅಂಗಡಿಯನ್ನು ಬಾಡಿಗೆಗೆ ಹಿಡಿದಳು. ಗೋಡೆಗೆ ತಾನೇ ಬಿಳಿ ಬಣ್ಣ ಬಳಿದಳು. ಪಾದದ ಅಳತೆ ತೆಗೆಯುವ ಮಣೆಗಳನ್ನು ಒರೆಸಿ ರೋಗಿಗಳು ಕೂರಲು ಇಟ್ಟಳು. ಒಂದು ಕಪ್ಪು ಹಲಗೆಯ ಮೇಲೆ, ಹೋಟೆಲಿನಲ್ಲಿ ತಿಂಡಿಯ ಬೆಲೆ ಬರೆದಂತೆ, ಸೀಮೆಸುಣ್ಣದಲ್ಲಿ ಬರೆದಳು: ನೋಡುವುದಕ್ಕೆ ನಲವತ್ತು ಡಾಲರ್. ಹೊಲಿಗೆಗೆ ಅರವತ್ತು. ಕಿವಿ ತೊಳೆಯುವುದಕ್ಕೆ ಹದಿನೈದು. ಕೈಯಲ್ಲಿ ಇಲ್ಲದವರು ಒಳಗೆ ಬಂದು ಮಾತಾಡಿ.

ಡಾಕ್ಟರ ಮನೆಯಲ್ಲಿ ಬೆಲೆಪಟ್ಟಿ! ನಮ್ಮ ಪಾದ್ರಿಯನ್ನು ಒಳಚಡ್ಡಿಯಲ್ಲಿ ಕಂಡಿದ್ದರೂ ಊರು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಆದರೆ ನಿಜವಾದ ಎಡವಟ್ಟು ಆದದ್ದು ಆ ಹಲಗೆಯಿಂದಲ್ಲ. ಅವಳು ಕಿಟಕಿಯ ಗಾಜಿಗೆ ಅಂಟಿಸಿದ ಇನ್ನೊಂದು ಚೀಟಿಯಿಂದ. ಅದರಲ್ಲಿ ಎರಡೇ ಪದ: ನಗದು ಮಾತ್ರ.

ಲಿಪ್ನಿಕ್‌ನಲ್ಲಿ ಆ ಎರಡು ಪದಕ್ಕೆ ಒಂದು ಚರಿತ್ರೆಯಿದೆ. ಮೊದಲು ಅದನ್ನು ಹಾಕಿದ್ದು ಮೊಳೆ-ಸುತ್ತಿಗೆಯ ಅಂಗಡಿಯವನು. ಮೂರು ವಾರದಲ್ಲಿ ಬಾಗಿಲು ಹಾಕಿದ. ಆಮೇಲೆ ಮಾಂಸದಂಗಡಿ, ಒಂದು ತಿಂಗಳು. ಇದೇ ಚಪ್ಪಲಿ ಅಂಗಡಿ, ಇದೇ ಗಾಜು, ಹತ್ತು ವರ್ಷದ ಹಿಂದೆ, ಹನ್ನೆರಡು ದಿನ. ನಮ್ಮಲ್ಲಿ ‘ನಗದು ಮಾತ್ರ’ ಎಂದರೆ, ಈ ಮನುಷ್ಯ ಮುಳುಗಿದ, ಬ್ಯಾಂಕಿನವರು ಬರುವ ಮೊದಲು ಒಂದು ಪ್ಯಾಕೆಟ್ ಮೊಳೆಯಾದರೂ ಕೊಂಡು ಪುಣ್ಯ ಕಟ್ಟಿಕೊಳ್ಳಿ ಎಂದು ಅರ್ಥ.

ಮರುದಿನ ಬೆಳಿಗ್ಗೆ ಆರ್ಡಿತ್ ಟೆಸಾರ್‌ಳ ಹೋಟೆಲಿನಲ್ಲಿ ನಮ್ಮ ಮೇಜು ಸೇರಿತು. ಕಾಫಿಯ ದುಡ್ಡು ಯಾರು ತೆರಬೇಕೆಂದು ಅಲ್ಲಿ ದಿನವೂ ಚರ್ಮದ ಡಬ್ಬಿಯಲ್ಲಿ ದಾಳ ಕುಲುಕುತ್ತೇವೆ. ಅಂದು ಯಾರೂ ಡಬ್ಬಿ ಮುಟ್ಟಲಿಲ್ಲ.

“ಹದಿನೇಳು ವರ್ಷ ನಮ್ಮ ಸೇವೆ ಮಾಡಿದವಳು,” ಎಂದ ರಾಲಿ. “ಆಸ್ಪತ್ರೆಯವರು ಕೈಬಿಟ್ರು, ವಿಮೆಯವರೂ ಕೈಬಿಟ್ರು. ಒಂಟಿ ಹೆಣ್ಣು.”

“ಚಪ್ಪಲಿ ಅಂಗಡೀಲಿ ಕೂತಿದಾಳಲ್ಲೋ,” ಎಂದೆ. “ಅಲ್ಲಿ ಯಾರೂ ಉದ್ಧಾರ ಆಗಿಲ್ಲ.”

ಆರ್ಡಿತ್ ಕಾಫಿ ಸುರಿಯುತ್ತ ದನಿ ತಗ್ಗಿಸಿದಳು. ಅವಳ ಚಿಕ್ಕಮ್ಮನ ಮಗಳು ಆಸ್ಪತ್ರೆಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. “ಏಪ್ರಿಲ್ ಕೊನೇವರೆಗೆ ಅವಳ ಕುರ್ಚಿ ಹಾಗೇ ಇಟ್ಟಿರ್ತಾರಂತೆ. ಅಷ್ಟರೊಳಗೆ ಇಲ್ಲಿ ಕುದುರದಿದ್ರೆ ಅವಳು ಅಲ್ಲಿಗೆ ಹೋಗ್ಲೇಬೇಕು. ಆಮೇಲೆ ನಮಗೆ ಕೆಮ್ಮು ಬಂದ್ರೂ ನಲವತ್ತಾರು ಮೈಲಿ.”

ಊರಿನ ಡಾಕ್ಟರಮ್ಮ ಊರಲ್ಲಿ ಉಳಿಯುತ್ತಾಳೋ ಇಲ್ಲವೋ ಎನ್ನುವುದು ಹೀಗೆ ಏಪ್ರಿಲ್ ಮೂವತ್ತಕ್ಕೆ ನಿಗದಿಯಾಯಿತು. ಬೇರೆ ಊರಾಗಿದ್ದರೆ ಜನ ಹೋಗಿ ‘ಏನಮ್ಮಾ ಸಮಾಚಾರ’ ಎಂದು ಅವಳನ್ನೇ ಕೇಳುತ್ತಿದ್ದರು. ನಾವು ಹಾಗಲ್ಲ. ನಮ್ಮ ಅಜ್ಜಂದಿರು ಯುರೋಪಿನ ಬೊಹೀಮಿಯಾದಿಂದ ಬರುವಾಗ ಗಸಗಸೆ ಬೀಜದ ಜೊತೆಗೆ ಒಂದು ಸಂಕೋಚವನ್ನೂ ಮೂಟೆ ಕಟ್ಟಿ ತಂದಿದ್ದರು. ಕಷ್ಟದಲ್ಲಿರುವವರ ಕಷ್ಟ ಕೇಳಿದರೆ ಅವರಿಗೆ ಅವಮಾನ. ಅವರ ಮನೆಯ ಹಿಂಬಾಗಿಲಲ್ಲಿ ಊಟ ಇಟ್ಟು, ಗಂಟೆ ಒತ್ತಿ, ಓಡಿಹೋಗಬೇಕು.

ಅಂದಿನಿಂದ ರಮೋನಾಳ ಹಿಂಬಾಗಿಲಿಗೆ ಗಾಜಿನ ಪಾತ್ರೆಯಲ್ಲೇ ಬೇಯಿಸಿದ ಊಟದ, ಅಂದರೆ ಕ್ಯಾಸರೋಲ್‌ಗಳ ಮೆರವಣಿಗೆ ಶುರುವಾಯಿತು. ಕೋಳಿ-ಶಾವಿಗೆ, ಆಲೂಗಡ್ಡೆ-ಚೀಸು, ಹುಳಿ ಎಲೆಕೋಸು. ಪ್ರತಿ ಗಾಜಿನ ಪಾತ್ರೆಯ ತಳದಲ್ಲಿ ಪಟ್ಟಿ ಅಂಟಿಸಿ ಒಡತಿಯ ಹೆಸರು. ಮಾರ್ಚ್ ಹೊತ್ತಿಗೆ ಅವಳ ಫ್ರಿಜ್ಜಿನ ಬಾಗಿಲು ಹಾಕಲು ಇಬ್ಬರು ಬೇಕಾಗುತ್ತಿತ್ತು. ಅವಳು ಇದನ್ನೆಲ್ಲ ಹೊಸ ಕ್ಲಿನಿಕ್‌ಗೆ ಊರವರ ಶುಭಾಶಯ ಎಂದುಕೊಂಡಳು. ಪಾತ್ರೆ ಹಿಂತಿರುಗಿಸಲು ಮನೆಮನೆಗೆ ಹೋಗಿ, “ತುಂಬಾ ಚೆನ್ನಾಗಿತ್ತು. ಕ್ಲಿನಿಕ್ ಕಡೆ ಬನ್ನಿ,” ಎಂದು ಕರೆದಳು.

“ಬರ್ತೀವಮ್ಮ, ಬರ್ತೀವಿ,” ಎನ್ನುತ್ತಿದ್ದರು ಜನ, ಕಣ್ಣಲ್ಲಿ ನೀರು ತುಂಬಿಕೊಂಡು. ಯಾರೂ ಹೋಗಲಿಲ್ಲ. ಮೊದಲೇ ನೊಂದವಳು, ಅವಳ ಮುಂದೆ ನಮ್ಮ ಬೆನ್ನುನೋವು ಬೇರೆ ಹಾಡಬೇಕೇ? ಇನ್ನು ಕೆಲವರಿಗೆ, ವಿಮೆಗೆ ತಿಂಗಳು ತಿಂಗಳು ಕಟ್ಟುತ್ತಿರುವಾಗ ಮತ್ತೆ ಕೈಯಿಂದ ಯಾಕೆ ಎಂಬ ಲೆಕ್ಕ. ಒಟ್ಟಿನಲ್ಲಿ ಆ ವಸಂತದಲ್ಲಿ ಲಿಪ್ನಿಕ್‌ನಷ್ಟು ಆರೋಗ್ಯವಂತ ಊರು ಭೂಮಿಯ ಮೇಲೆ ಇರಲಿಲ್ಲ. ಜನ ಜ್ವರವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಓಡಾಡಿದರು. ನಾನು ಬೆಳಿಗ್ಗೆ ಅಂಚೆ ಕಚೇರಿಗೆ ಹೋಗುವಾಗ ಅವಳು ಕಿಟಕಿಯ ಬಳಿ ಖಾಲಿ ಮಣೆಗಳ ನಡುವೆ ಕೂತಿರುವುದು ಕಾಣುತ್ತಿತ್ತು. ಕೈ ಬೀಸುತ್ತಿದ್ದಳು. ನಾನೂ ಬೀಸಿ, ಮುಂದೆ ಹೋಗುತ್ತಿದ್ದೆ.

ಅಂಚೆ ಕಚೇರಿಯ ಮೂರನೇ ಮೆಟ್ಟಿಲಲ್ಲಿ ನಿಲ್ಲುತ್ತಿದ್ದೆ. ಎದೆಯೊಳಗೆ ಗುಬ್ಬಿಯೊಂದು ಸಿಕ್ಕಿಹಾಕಿಕೊಂಡಂತೆ ಪಟಪಟ ಎನ್ನುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು. ಆರ್ಡಿತ್‌ಳ ಕಾಫಿಯ ಪ್ರತಾಪ ಎಂದುಕೊಂಡೆ. ಅದರಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ. ಎರಡು ಚಮಚ ಕರಗಿಹೋದದ್ದನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ಏಪ್ರಿಲ್ ಹತ್ತಿರ ಬಂದಾಗ ಆರ್ಡಿತ್ ಸೌಟು ಮೇಜಿಗೆ ಕುಟ್ಟಿದಳು. “ಸಹಾಯದ ಊಟ ಇಡೋಣ.”

ಯಾರದಾದರೂ ಕೊಟ್ಟಿಗೆ ಸುಟ್ಟರೆ, ಯಾರಿಗಾದರೂ ಕ್ಯಾನ್ಸರ್ ಬಂದರೆ ನಾವು ಮಾಡುವುದು ಅದನ್ನೇ. ಚರ್ಚಿನ ಸಭಾಂಗಣದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಹುರಿದ ಹಂದಿಮಾಂಸ, ಹಿಟ್ಟಿನ ಉಂಡೆ, ಹುಳಿ ಎಲೆಕೋಸು, ಗಸಗಸೆ ಹೂರಣದ ಸಿಹಿ ಬನ್ನು ಕೊಲಾಚೆ. ಊಟಕ್ಕೆ ಬೆಲೆ ಇಲ್ಲ. ಬಾಗಿಲಲ್ಲಿ ಒಂದು ದೊಡ್ಡ ಉಪ್ಪಿನಕಾಯಿ ಜಾಡಿ ಇಡುತ್ತೇವೆ, ಮನಸ್ಸಿಗೆ ಬಂದಷ್ಟು ಹಾಕಿ ಒಳಗೆ ಹೋಗಬೇಕು. ಯಾರಿಗಾಗಿ ಊಟವೋ ಅವರಿಗೆ ಮಾತ್ರ ಕೊನೆಯವರೆಗೂ ಗೊತ್ತಾಗಬಾರದು, ಗೊತ್ತಾದರೆ ಬೇಡ ಎನ್ನುತ್ತಾರೆ. ಹಾಗಾಗಿ ಆರ್ಡಿತ್ ರಮೋನಾಳ ಚಿತ್ರವಿದ್ದ ಭಿತ್ತಿಪತ್ರಗಳನ್ನು ಅವಳ ಮನೆಯಿಂದ ಕ್ಲಿನಿಕ್‌ವರೆಗಿನ ಎರಡು ಬೀದಿ ಬಿಟ್ಟು ಜಿಲ್ಲೆಯ ಉಳಿದೆಲ್ಲ ಗೋಡೆಗೂ ಅಂಟಿಸಿದಳು. ಚಿತ್ರ ಸಿಕ್ಕಿದ್ದು ಹೈಸ್ಕೂಲಿನದು. ಕೂದಲು ಗಾಳಿಗೆ ಸಿಕ್ಕ ಹುಲ್ಲಿನ ಬಣವೆಯಂತಿತ್ತು, ಹಲ್ಲಿಗೆ ತಂತಿ ಬೇರೆ. ನೋಡಿದವರು ಇನ್ನೂ ಐದು ಡಾಲರ್ ಹೆಚ್ಚು ಹಾಕುವಂತಿತ್ತು.

ತೂಕದವನು ಎಂದು ಜಾಡಿ ಕಾಯುವ ಕೆಲಸ ನನಗೆ ಬಿತ್ತು. ಏಪ್ರಿಲ್ ಮೂರನೆಯ ಭಾನುವಾರ, ಹನ್ನೊಂದೂವರೆಗೆ ಜಾಡಿ ಅರ್ಧ ತುಂಬಿತ್ತು. ಆಗ ರಮೋನಾ ಬಂದಳು, ಕೈಯಲ್ಲಿ ಒಂದು ಕ್ಯಾಸರೋಲ್ ಹಿಡಿದು. ಯಾರಿಗೋ ಕಷ್ಟವಂತೆ, ಊಟವಿದೆ ಬಾ ಎಂದಷ್ಟೇ ಆರ್ಡಿತ್ ಅವಳಿಗೆ ಹೇಳಿದ್ದಳು. ಅವಳು ಪರ್ಸಿನಿಂದ ಇಪ್ಪತ್ತು ಡಾಲರಿನ ನೋಟು ತೆಗೆದು ಜಾಡಿಗೆ ಹಾಕಿದಳು.

“ಯಾರಿಗೆ ಲ್ಯಾಡಿ, ಈ ಸಲ?”

“ಒಬ್ಬ ಹೆಂಗಸಿಗೆ ಕಣಮ್ಮ. ಪಾಪ, ವ್ಯಾಪಾರ ಮುಳುಗಿಹೋಯ್ತು.”

“ಅಯ್ಯೋ. ನನಗೆ ಗೊತ್ತಿರೋರಾ?”

“ಸ್ವಲ್ಪಮಟ್ಟಿಗೆ.”

“ಮಕ್ಕಳಿದಾರಾ?”

“ಇಲ್ಲ. ಕ್ಯಾಸರೋಲ್ ತುಂಬಾ ಇವೆ.”

ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳೂ ಗೋಡೆ ನೋಡಿದಳು. ಗೋಡೆಯಿಂದ ತಂತಿಹಲ್ಲಿನ ರಮೋನಾ ಅವಳನ್ನೇ ನೋಡಿ ನಗುತ್ತಿದ್ದಳು.

ಒಳಗೆ ಇನ್ನೂರು ಜನರ ಚಮಚ ಒಮ್ಮೆಲೇ ನಿಂತವು. ಎಲೆಕೋಸಿನ ಹಬೆ ಕೂಡ ಗಾಳಿಯಲ್ಲಿ ಹಾಗೇ ತಡೆದು ನಿಂತಿತು. ರಮೋನಾ ಕೆಂಪಾದಳು, ಬಿಳಿಯಾದಳು, ಕ್ಯಾಸರೋಲನ್ನು ನನ್ನ ತೊಡೆಯ ಮೇಲಿಟ್ಟಳು, ಜಾಡಿಯನ್ನು ಎತ್ತಿ ಎದೆಗವಚಿಕೊಂಡು ನೇರ ವೇದಿಕೆ ಹತ್ತಿದಳು.

“ನಾನು ಮುಳುಗಿಲ್ಲ, ಮಾರಾಯ್ರಾ! ಈಗ ತಾನೇ ದೋಣಿ ನೀರಿಗೆ ಬಿಟ್ಟಿದೀನಿ. ನೀವ್ಯಾರೂ ಹತ್ತಲಿಲ್ಲ, ಅಷ್ಟೇ.”

“ನಗದು ಮಾತ್ರ ಅಂತ ಬೋರ್ಡು ಹಾಕಿದ್ಯಲ್ಲಮ್ಮ!” ಎಂದು ರಾಲಿ ಹಿಂದಿನಿಂದ ಕೂಗಿದ.

“ಯಾಕೆಂದ್ರೆ ನನಗೆ ನಗದು ಮಾತ್ರ ಬೇಕು, ರಾಲಿ! ಅದಕ್ಕೆ ಅಷ್ಟೇ ಅರ್ಥ!”

ಇನ್ನೂರು ಜನರೂ ಮೂರು ತಿಂಗಳ ತಮ್ಮ ಕಣ್ಣೀರನ್ನು ಮನಸ್ಸಿನಲ್ಲೇ ಹಿಂದಕ್ಕೆ ಪಡೆದುಕೊಂಡರು.

“ಹಾಗಾದ್ರೆ ಕೇಳೇ ಬಿಡ್ತೀನಿ,” ಎಂದ ರಾಲಿ. “ವಿಮೆಗೂ ಕಟ್ಟಿ ನಿನಗೂ ಯಾಕೆ ಕೊಡಬೇಕು?”

“ನಿಮ್ಮ ಪಿಕಪ್ಪಿಗೂ ವಿಮೆ ಇದೆಯಲ್ಲ. ಎಣ್ಣೆ ಬದಲಾಯಿಸೋಕೆ ವಿಮೆಯವರಿಗೆ ಫೋನ್ ಮಾಡ್ತೀರಾ? ಗುದ್ದಿದಾಗ ಮಾಡ್ತೀರ. ವಿಮೆ ಇಟ್ಕೊಳ್ಳಿ ರಾಲಿ, ದೊಡ್ಡಾಸ್ಪತ್ರೆಗೆ ಬೇಕಾಗುತ್ತೆ. ನಿಮ್ಮ ಮೊಣಕಾಲಿಗೆ ಮಾತ್ರ ನನ್ನ ಹತ್ರ ಬನ್ನಿ. ಕಚ್ಚಿದ್ದೋ ಒದ್ದಿದ್ದೋ ನಾನು ಕೇಳಲ್ಲ.”

ಜನ ನಕ್ಕರು. ನಗು ನಿಲ್ಲುವವರೆಗೆ ಅವಳು ಕಾದಳು. ಆಮೇಲೆ ಅವಳ ದನಿ ತಗ್ಗಿತು.

“ನಾನು ಯಾಕೆ ಬಿಟ್ಟೆ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ಹೋದ ಚಳಿಗಾಲ ಒಬ್ರು ಬಂದಿದ್ರು. ಹೆಸರು ಬೇಡ. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಮಂಡಿನೋವು ಅಂತ ಬಂದ್ರು. ಆರು ನಿಮಿಷ ಮಂಡಿ ವಿಷಯ ಮಾತಾಡಿದ್ರು. ಏಳನೇ ನಿಮಿಷಕ್ಕೆ, ‘ಮನೇಲಿ ರೇಡಿಯೋ ಆರಿಸೋಕೆ ಭಯ ಆಗುತ್ತೆ ಡಾಕ್ಟ್ರೇ’ ಅಂದ್ರು. ಅಷ್ಟರಲ್ಲಿ ಕಂಪ್ಯೂಟರ್ ಕುಯ್ ಅಂತು. ನಾನು ತಿರುಗಿ ಅದರ ಕಡೆ ನೋಡಿಬಿಟ್ಟೆ. ಅವರು ಟೋಪಿ ತಗೊಂಡು ಎದ್ದು ನಿಂತು, ‘ಕ್ಷಮಿಸಮ್ಮ, ನಿನ್ನ ಟೈಮ್ ತಗೊಂಡೆ’ ಅಂದ್ರು.” ಅವಳು ಜಾಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. “ಅವರು ನನ್ನ ಕ್ಷಮೆ ಕೇಳಿದ್ರು. ಆ ಕೋಣೇಲಿ ನಾವಿಬ್ಬರೇ ಇರಬೇಕಿತ್ತು. ಮೂರನೇದೊಂದು ಕೂತಿತ್ತು. ಅದನ್ನ ಹೊರಗೆ ಹಾಕಿದೀನಿ. ನಾನು ಮಾಡಿರೋದು ಇಷ್ಟೇ.”

ಸಭಾಂಗಣದಲ್ಲಿ ಯಾರೋ ಮೂಗು ಒರೆಸಿಕೊಂಡರು. ನಾನಂತೂ ಅಲ್ಲ. ನನಗೆ ಆ ದಿನ ನೆಗಡಿ ಇತ್ತು.

“ಈಗ ಈ ಜಾಡಿ,” ಎಂದಳು ರಮೋನಾ. “ವಾಪಸ್ ಕೊಟ್ರೆ ನಿಮಗೆ ಬೇಜಾರು. ಸುಮ್ನೆ ಇಟ್ಕೊಂಡ್ರೆ ನಾಯಿ ತೂಕಕ್ಕೂ ದುಡ್ಡು ತಗೊಂಡ ಹಾಗೆ. ಲ್ಯಾಡಿಗೆ ಗೊತ್ತು. ಅದಕ್ಕೇ, ಜಾಡಿಗೆ ದುಡ್ಡು ಹಾಕಿದೋರೆಲ್ಲ ಒಂದು ತಪಾಸಣೆ ಕೊಂಡ್ಕೊಂಡಿದೀರಿ. ತೋಳು ಮಡಚಿ. ಕಾರಿನಲ್ಲಿ ನನ್ನ ಚೀಲ ಇದೆ.”

ಅಂಗಿಯ ತೋಳುಗಳು ಒಂದೊಂದಾಗಿ ಮೇಲೇರಿದವು. ನಮ್ಮ ಜನ ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲ, ಕೊಂಡದ್ದನ್ನು ಬಿಟ್ಟೂ ಹೋಗುವುದಿಲ್ಲ. ಸಾಲು ಕೊಲಾಚೆಯ ಮೇಜನ್ನು ಸುತ್ತುಹಾಕಿ ಬಾಗಿಲಿನವರೆಗೆ ಬೆಳೆಯಿತು. ಬಾಗಿಲ ಬಳಿ, ತೊಡೆಯ ಮೇಲೆ ಕ್ಯಾಸರೋಲ್ ಇಟ್ಟುಕೊಂಡು ನಾನು ಕೂತಿದ್ದೆ. ಅವಳು ನನ್ನಿಂದಲೇ ಶುರು ಮಾಡಿದಳು.

“ನನ್ನನ್ನ ಬಿಡಮ್ಮ,” ಎಂದೆ. “ಎಪ್ಪತ್ತೊಂಬತ್ತು ವರ್ಷ. ಒಬ್ಬ ಡಾಕ್ಟರೂ—”

“ಗೊತ್ತು, ಕಾಫಿಗೆ ನೀರಿಟ್ಟಿದ್ರಿ. ಕೈ ಕೊಡಿ.”

ಎರಡು ಬೆರಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟಳು. ಗಡಿಯಾರ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಳು. ನಾನು ರಾಲಿಗೆ ಕಣ್ಣು ಹೊಡೆದೆ. ರಾಲಿ ನಕ್ಕ. ರಮೋನಾಳ ಬೆರಳು ಅಲ್ಲೇ ಇತ್ತು. ರಾಲಿಯ ನಗು ಮುಗಿಯಿತು. ಬೆರಳು ಇನ್ನೂ ಅಲ್ಲೇ ಇತ್ತು.

“ಲ್ಯಾಡಿ, ಅಂಚೆ ಕಚೇರಿ ಮೂರನೇ ಮೆಟ್ಟಿಲಲ್ಲಿ ದಿನಾ ಯಾಕೆ ನಿಲ್ತೀರಿ?”

“ನೋಡಿದೀಯಾ?”

“ಮೂರು ತಿಂಗಳು ಕಿಟಕೀಲಿ ಕೂತು ಬೇರೇನು ನೋಡ್ಲಿ?”

“ಆರ್ಡಿತ್ ಕಾಫಿ ಜಾಸ್ತಿ ಆಗಿ—”

“ನನ್ನ ಕಾಫಿ ಸುದ್ದಿಗೆ ಬಂದ್ರೆ ನೋಡು!” ಎಂದಳು ಆರ್ಡಿತ್. ಆದರೆ ಅವಳ ಮುಖವೂ ಬದಲಾಗಿತ್ತು. ಅವಳು ಊರಿನ ಆಂಬುಲೆನ್ಸ್ ತಂಡದವಳು. ರಕ್ತದೊತ್ತಡದ ಪಟ್ಟಿಯನ್ನು ರಮೋನಾಳ ಕೈಯಿಂದ ತಾನೇ ತೆಗೆದುಕೊಂಡು, “ಇವರನ್ನೆಲ್ಲ ನಾನು ನೋಡ್ಕೋತೀನಿ. ನೀನು ಈ ಮುದುಕನ್ನ ಕರ್ಕೊಂಡು ಹೋಗು,” ಎಂದಳು.

ಚರ್ಚಿನಿಂದ ಚಪ್ಪಲಿ ಅಂಗಡಿಗೆ ರಸ್ತೆ ದಾಟಿದರಾಯಿತು. ನಿಧಾನವಾಗಿ ದಾಟಿದೆವು. ಒಳಗೆ ಇನ್ನೂ ಸ್ವಲ್ಪ ಚರ್ಮದ ವಾಸನೆ ಇತ್ತು. ನನ್ನನ್ನು ಮಲಗಿಸಿ ಎದೆಗೆ ತಣ್ಣನೆಯ ಬಿಲ್ಲೆಗಳನ್ನು ಅಂಟಿಸಿದಳು. ಯಂತ್ರದಿಂದ ಕಾಗದದ ಪಟ್ಟಿ ಹೊರಬಂತು. ಕೋಳಿಯೊಂದು ಶಾಯಿಯಲ್ಲಿ ಕಾಲದ್ದಿಕೊಂಡು, ಹಿಂದೆ ನರಿ ಬಂದಂತೆ ಓಡಿದ ಹಾಗಿತ್ತು.

“ನಿಮ್ಮ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿವೆ,” ಎಂದಳು. “ಎಂಜಿನ್ ಓಡ್ತಿದೆ, ಆದರೆ ಒಂದೊಂದು ಸಿಲಿಂಡರ್ ಒಂದೊಂದು ಹೊತ್ತಿಗೆ ಹೊಡೀತಿದೆ. ಹೀಗೇ ಬಿಟ್ರೆ ರಕ್ತ ಒಳಗೇ ಹೆಪ್ಪುಗಟ್ಟಿ ತಲೆಗೆ ಹೋಗುತ್ತೆ. ಆಗ ಮಾತು ಹೋಗ್ಬಹುದು.”

“ಮಾತು?”

“ಮಾತು.”

ಕಾಲು ಹೋಗುತ್ತದೆ ಎಂದಿದ್ದರೆ ನಾನು ಇನ್ನೂ ಸ್ವಲ್ಪ ವಾದ ಮಾಡುತ್ತಿದ್ದೆ.

ಅವಳು ತನ್ನ ಜೊತೆ ಓದಿದ ಹೃದಯದ ಡಾಕ್ಟರಿಗೆ ಫೋನು ಹಚ್ಚಿದಳು. ಭಾನುವಾರ, ಅವನ ಮನೆಗೇ. ಪಿಟೀಲು ಬರಲಿಲ್ಲ, ಎರಡನೇ ರಿಂಗಿಗೆ ಮನುಷ್ಯನೇ ಎತ್ತಿದ. ಇಬ್ಬರೂ ಕಾಗದದ ಕೋಳಿಕಾಲಿನ ಬಗ್ಗೆ ಮಾತಾಡಿದರು. ಮಂಗಳವಾರ ಅವನು ನೋಡುತ್ತಾನೆ, ಅದಕ್ಕೆ ವಿಮೆ ನಡೆಯುತ್ತದೆ, ಅಲ್ಲಿಯವರೆಗೆ ಈ ಮಾತ್ರೆಗಳು ಎಂದು ತನ್ನ ಕಪಾಟಿನಿಂದಲೇ ಎಣಿಸಿ ಕೊಟ್ಟಳು. ಮೊದಲನೆಯದನ್ನು ನುಂಗಿದ ಮೇಲೂ ನನ್ನನ್ನು ಏಳಗೊಡಲಿಲ್ಲ. ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತು ಮತ್ತೆ ಮಣಿಕಟ್ಟು ಹಿಡಿದಳು. ಒಂದು ಗಂಟೆ ಹಾಗೇ ಕೂತಿದ್ದಳು. ಮಧ್ಯೆ ನನ್ನ ಹೆಂಡತಿಯ ಮಾತೆತ್ತಿ, “ಅಲ್ಬೀನಾ ಹೋಗಿ ಎಷ್ಟು ವರ್ಷ ಆಯ್ತು?” ಎಂದು ಕೇಳಿದಳು.

“ಆರು.”

“ಮನೇಲಿ ರೇಡಿಯೋ ಆರಿಸ್ತೀರಾ?”

ನಾನು ಚಾವಣಿಯ ಹಲಗೆ ಎಣಿಸತೊಡಗಿದೆ. ಅವಳು ಒತ್ತಾಯ ಮಾಡಲಿಲ್ಲ. ಆ ಆರು ವರ್ಷದಲ್ಲಿ ಯಾರೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ. ಇದನ್ನು ಕಾಫಿ ಮೇಜಿನಲ್ಲಿ ನಾನು ಹೇಳಿಲ್ಲ, ನೀವೂ ಹೇಳಬೇಡಿ.

ಏಳುವಾಗ, “ಜಾಡಿ ಲೆಕ್ಕದಲ್ಲಿ ಆಯ್ತಲ್ಲ?” ಎಂದೆ.

“ಇಲ್ಲ. ನೀವು ಜಾಡಿಗೆ ಏನೂ ಹಾಕಿಲ್ಲ. ನಾನು ನೋಟು ಹಾಕುವಾಗ ನಿಮ್ಮ ಕೈ ಜೇಬಿನಲ್ಲೇ ಇತ್ತು. ನಲವತ್ತು ಡಾಲರ್.”

ಆ ಮಧ್ಯಾಹ್ನ ಆರ್ಡಿತ್ ನೂರಾ ಎಂಬತ್ತು ತೋಳುಗಳಿಗೆ ಪಟ್ಟಿ ಸುತ್ತಿದಳಂತೆ. ರಮೋನಾ ವಾಪಸು ಹೋದಾಗ, ಇಪ್ಪತ್ತು ಡಾಲರ್ ಹಾಕಿದವಳು ನೀನೂ ತೋಳು ಮಡಚು ಎಂದು ಅವಳನ್ನೂ ಕೂರಿಸಿದಳು. ಒತ್ತಡ ಅಳೆದರೆ, ಊರಿನಲ್ಲೇ ನನ್ನ ನಂತರದ ಸ್ಥಾನ ಡಾಕ್ಟರಿಗೇ. ಮೂರು ತಿಂಗಳು ಬರೀ ಕ್ಯಾಸರೋಲ್ ತಿಂದು ಖಾಲಿ ಮಣೆ ಕಾದವಳಿಗೆ ಮತ್ತೇನಾಗುತ್ತದೆ?

ಸೋಮವಾರ ಬೆಳಿಗ್ಗೆ ರಾಲಿ ಮೊಣಕಾಲು ಹೊತ್ತುಕೊಂಡು ಹೋದ. ಅವನ ಹಿಂದೆ ಮೂರು ತಿಂಗಳು ಬಚ್ಚಿಟ್ಟ ಕೆಮ್ಮು, ಕಿವಿನೋವು, ಬೆನ್ನುನೋವುಗಳೆಲ್ಲ ಸಾಲುಗಟ್ಟಿದವು. ಕಿಟಕಿಯ ಚೀಟಿಯನ್ನು ಅವಳು ತೆಗೆಯಲಿಲ್ಲ, ಕೆಳಗೆ ಒಂದು ಸಾಲು ಸೇರಿಸಿದಳು: ಮುಳುಗಿಲ್ಲ.

ಏಪ್ರಿಲ್ ಮೂವತ್ತರಂದು ನಾನು ಎರಡನೇ ಸಲ ತೋರಿಸಲು ಹೋದೆ. ಗುಬ್ಬಿ ಎದೆಯಿಂದ ಹಾರಿಹೋಗಿತ್ತು. ಅಂಚೆ ಕಚೇರಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ಖುಷಿಗೆ ಇಳಿದು, ಮತ್ತೆ ಹತ್ತಿದ್ದೆ. ಮಣೆಗಳೆಲ್ಲ ತುಂಬಿದ್ದವು, ರಾಲಿ ಗೋಡೆಗೆ ಒರಗಿ ನಿಂತಿದ್ದ. ಫೋನು ಹೊಡೆದುಕೊಂಡಿತು. ರಮೋನಾ ಎತ್ತಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಆ ಕುರ್ಚಿ ಬೇರೆ ಯಾರಿಗಾದರೂ ಕೊಡಿ. ಇಲ್ಲಿ ನನಗೇ ಕೂರೋಕೆ ಜಾಗ ಇಲ್ಲ,” ಎಂದು ಕೆಳಗಿಟ್ಟಳು.

ರಾಲಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಅವಳು ಬಂದು ನನ್ನ ಮಣಿಕಟ್ಟು ಹಿಡಿದಳು. ಅಷ್ಟೊಂದು ಜನ ಕಿವಿಗೊಟ್ಟಿರುವಾಗ ಸುಮ್ಮನಿರಲು ನನಗೆ ಹೇಗೆ ಸಾಧ್ಯ?

“ನೋಡ್ರಪ್ಪಾ,” ಎಂದೆ. “ಈ ಹುಡುಗಿಗೆ ವ್ಯಾಪಾರ ಆಗಲಿ ಅಂತ ಬೇಕಂತಲೇ ಎದೆ ಕೆಡಿಸ್ಕೊಂಡವನು ನಾನು. ಇಲ್ದಿದ್ರೆ ಎಪ್ಪತ್ತೊಂಬತ್ತು ವರ್ಷ ಒಬ್ಬ ಡಾಕ್ಟರೂ ನನ್ನ ಮುಟ್ಟಿರಲಿಲ್ಲ. ಅಂಥವನ ಹತ್ರ ಕೈ ಹಿಡಿಯೋಕೆ ನಲವತ್ತು ಡಾಲರ್ ಕೀಳ್ತಾಳಲ್ಲ, ಜಾಸ್ತಿ ಆಗಲಿಲ್ವಾ?”

ರಮೋನಾ ಬೆರಳು ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಲ್ಯಾಡಿ, ನಿಮ್ಮನ್ನ ಮುಟ್ಟದೇ ಹೋದ ಡಾಕ್ಟರಿಗೆ ಎರಡು ಹೆಬ್ಬಾತು ಕೊಟ್ಟಿದ್ರಿ.”